ಹಾಸಿಗೆ ದಿನಕ್ಕೊಂದು ಅಳತೆಯಾದರೆ

ಪ್ರಶ್ನೆ: ನನಗೆ 38 ವರ್ಷ. ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿಕೊಂಡವು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದುವ ಕೀಲುವಾತ ಎಂದರು. ಪ್ರತಿ ಭಾನುವಾರ ರಾತ್ರಿ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಸೋಮವಾರ ಇಡೀ ಹೊಟ್ಟೆ ತೊಳಸುತ್ತದೆ. ಕಳೆದ ವರ್ಷ ಬೇಸತ್ತು ಮಾತ್ರೆ ಬಿಟ್ಟು, ಪರಿಚಿತರು ಹೇಳಿದ ಕಡೆಯಿಂದ ಒಂದು ಪುಡಿ ತರಿಸಿಕೊಂಡೆ. ಎರಡೇ ದಿನದಲ್ಲಿ ನೋವು ಮಾಯವಾಯಿತು. ಮೂರು ತಿಂಗಳಲ್ಲಿ ಮುಖ ದುಂಡಗಾಯಿತು; ಹೆದರಿ ಪುಡಿ ಬಿಟ್ಟಾಗ ಹಾಸಿಗೆಯಿಂದ ಏಳಲಾಗಲಿಲ್ಲ. ಈಗ ಮತ್ತೆ ಮಾತ್ರೆಗೆ ಮರಳಿದ್ದೇನೆ. ಬೆಳಿಗ್ಗೆ ಒಂದೂವರೆ ಗಂಟೆ ಕೈ ಮಡಚಲಾಗುವುದಿಲ್ಲ. ಅತ್ತೆಯವರು ‘ನನಗೇ ಇಲ್ಲದ ನೋವು ಈ ವಯಸ್ಸಿಗೆ ನಿನಗೆ ಬಂತೇ’ ಎನ್ನುತ್ತಾರೆ. ಯಜಮಾನರು ಒಳ್ಳೆಯವರು, ಆದರೆ ಈ ವಿಷಯ ಬಂದರೆ ಸುಮ್ಮನಾಗಿಬಿಡುತ್ತಾರೆ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಹನ್ನೊಂದು ವರ್ಷದ ಮಗಳಿಗೂ ಇದು ಬರುತ್ತದೆಯೇ? ಮುಂದಿನ ತಿಂಗಳು ತಂಗಿಯ ಮದುವೆ. ಬಳೆ ತೊಡಿಸುವವರ ಮುಂದೆ ಈ ಕೈಯನ್ನು ಹೇಗೆ ಚಾಚಲಿ? ನಾನು ಮೊದಲಿನಂತೆ ಆಗುತ್ತೇನೆಯೇ, ಅಥವಾ ಇದರೊಂದಿಗೇ ಬದುಕಬೇಕೇ? ಬದುಕಬೇಕು ಎಂದಾದರೆ ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡೂ ಸಲ ಆ ನಲ್ಲಿಯ ಹತ್ತಿರ ನಿಂತೆ. ಇಪ್ಪತ್ತು ವರ್ಷಗಳಿಂದ ಕೀಲುವಾತದ ರೋಗಿಗಳನ್ನು ನೋಡುತ್ತಿದ್ದೇನೆ. ನೋವು ಎಷ್ಟಿದೆ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಅದನ್ನು ಮುಚ್ಚಿಡಲು ಎಷ್ಟು ಶ್ರಮ ಪಡುತ್ತೀರಿ ಎಂದು ಕೇಳಿದಾಗ ಮಾತ್ರ ಕಣ್ಣು ತುಂಬಿಕೊಳ್ಳುತ್ತದೆ. ಊದಿದ ಬೆರಳಿನಲ್ಲಿ ಸೀಮೆಸುಣ್ಣ ಹಿಡಿದು, ಮುಖದಲ್ಲಿ ಏನೂ ಕಾಣಿಸದಂತೆ ನಲವತ್ತು ನಿಮಿಷ ಪಾಠ ಮಾಡುವುದು ಎರಡು ಕೆಲಸ. ಸಂಬಳ ಒಂದಕ್ಕೆ ಮಾತ್ರ. ಹಾಗಾಗಿ ಈ ಉತ್ತರದ ಉದ್ದಕ್ಕೂ ನಾನು ಒಂದೇ ಮಾತನ್ನು ಬೇರೆ ಬೇರೆ ಬಾಗಿಲಿನಿಂದ ಹೇಳುತ್ತೇನೆ. ನಿಮ್ಮ ಬಳಿ ಇರುವ ಶಕ್ತಿಯೇ ಕಡಿಮೆ, ಅದರಲ್ಲಿ ಒಂದು ಪಾಲನ್ನು ನಟನೆಗೆ ಸುರಿಯಬೇಡಿ.

ಆದರೆ ಮನಸ್ಸಿನ ಮಾತಿಗೆ ಮೊದಲು ಔಷಧಿಯ ಮಾತು. ಒಂದೂವರೆ ಗಂಟೆಯ ಬೆಳಗಿನ ಬಿಗಿತವನ್ನು ‘ಒಪ್ಪಿಕೊಂಡು ಬದುಕಬೇಕಾದ’ ಪಟ್ಟಿಗೆ ನೀವಾಗಿಯೇ ಸೇರಿಸಿಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿಂದ ತೆಗೆಯಿರಿ. ಬಿಗಿತ ಒಂದು ಗಂಟೆ ದಾಟುತ್ತಿದೆ ಎಂದರೆ ಕೀಲಿನೊಳಗೆ ಉರಿಯೂತ ಇನ್ನೂ ಆರಿಲ್ಲ ಎಂದೇ ನಾವು ಅನುಮಾನಿಸುತ್ತೇವೆ. ನಿಮ್ಮ ಚಿಕಿತ್ಸೆ ಇನ್ನೂ ಗುರಿ ಮುಟ್ಟಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಜೊತೆಗೆ ಇನ್ನೊಂದು ಔಷಧಿ ಸೇರಿಸುವುದು, ಅದೂ ಸಾಲದಿದ್ದರೆ ಉರಿಯೂತದ ಮೂಲವನ್ನೇ ಗುರಿಯಿಟ್ಟು ತಡೆಯುವ ಬಯಾಲಜಿಕ್ ಚುಚ್ಚುಮದ್ದು, ಹೀಗೆ ಮುಂದೆ ಮೆಟ್ಟಿಲುಗಳಿವೆ. (ಚುಚ್ಚುಮದ್ದಿಗೆ ಮುನ್ನ ಕ್ಷಯರೋಗ ಅಡಗಿದೆಯೇ ಎಂಬ ಪರೀಕ್ಷೆ ಕಡ್ಡಾಯ, ಅದನ್ನು ಕೇಳಿ ಗಾಬರಿಯಾಗಬೇಡಿ.) ಬದಲಾಯಿಸಲಾಗದ್ದನ್ನು ಒಪ್ಪಿಕೊಳ್ಳುವುದು ವಿವೇಕ. ಬದಲಾಯಿಸಬಹುದಾದದ್ದನ್ನೂ ಹಣೆಬರಹ ಎಂದು ಒಪ್ಪಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳಿಗೆ ಎಲ್ಲರೂ ಸೇರಿ ಕಲಿಸಿರುವ ಕೆಟ್ಟ ಪಾಠ.

ವೈದ್ಯರ ಬಳಿ ಹೋದಾಗ ‘ಪರವಾಗಿಲ್ಲ ಡಾಕ್ಟರೇ’ ಎಂದುಬಿಡುವ ಅಭ್ಯಾಸ ನಿಮಗೂ ಇರಬಹುದು. ಆ ಐದು ನಿಮಿಷದಲ್ಲಿ ಅವರಿಗೆ ನಿಮ್ಮ ಬೆಳಗು ಕಾಣುವುದಿಲ್ಲ. ನನ್ನಲ್ಲಿಗೆ ಬರುವ ಒಬ್ಬ ಹೆಂಗಸು ಹೂ ಕಟ್ಟಿ ಮಾರುತ್ತಾರೆ. ಓದು ಬರಹ ಹೆಚ್ಚಿಲ್ಲ. ಆದರೆ ಅವರಷ್ಟು ಖಚಿತವಾಗಿ ಕಾಯಿಲೆಯ ಏರಿಳಿತ ಹೇಳುವವರನ್ನು ನಾನು ನೋಡಿಲ್ಲ. ‘ಹೋದ ತಿಂಗಳು ಬೆಳಿಗ್ಗೆ ಹತ್ತರೊಳಗೆ ಹದಿನೈದು ಮೊಳ ಕಟ್ಟುತ್ತಿದ್ದೆ, ಈಗ ಆರು ಮೊಳಕ್ಕೆ ಬೆರಳು ನಿಲ್ಲುತ್ತದೆ’ ಎನ್ನುತ್ತಾರೆ. ಉರಿಯೂತ ಎಷ್ಟಿದೆ ಎಂದು ತಿಳಿಸುವ ರಕ್ತದ ಇ.ಎಸ್.ಆರ್. ವರದಿಯನ್ನು ಆಮೇಲೆ ನೋಡುತ್ತೇನೆ. ನಿಮಗೂ ಅಂಥದೊಂದು ಮೊಳ ಬೇಕು. ಮಗಳಿಗೆ ಜಡೆ ಹಾಕಲು ಬೆರಳು ಎಷ್ಟು ಗಂಟೆಗೆ ಒಪ್ಪಿತು ಎಂಬುದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಿ. ಏಳೂವರೆ, ಎಂಟು, ‘ಆಗಲಿಲ್ಲ’. ಇಷ್ಟೇ. ಮುಂದಿನ ಭೇಟಿಗೆ ಆ ಹಾಳೆಯನ್ನೇ ಹರಿದುಕೊಂಡು ಹೋಗಿ.

ಸೋಮವಾರದ ಹೊಟ್ಟೆ ತೊಳಸುವಿಕೆಗೂ ದಾರಿಯಿದೆ, ಅದಕ್ಕಾಗಿ ಮಾತ್ರೆಯನ್ನೇ ಬಿಡಬೇಕಾಗಿಲ್ಲ. ನೀವು ಶಿಕ್ಷಕಿ. ವಾರದ ಅತಿ ಭಾರದ ದಿನದ ಹಿಂದಿನ ರಾತ್ರಿಯೇ ಮಾತ್ರೆ ನುಂಗುತ್ತಿದ್ದೀರಿ. ಶನಿವಾರ ರಾತ್ರಿ ಊಟದ ನಂತರಕ್ಕೆ ಬದಲಾಯಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಕೆಟ್ಟ ಗಂಟೆಗಳಲ್ಲಿ ಅರ್ಧ ನಿದ್ದೆಯಲ್ಲೂ ಉಳಿದದ್ದು ರಜೆಯಲ್ಲೂ ಕಳೆಯುತ್ತದೆ. ಫೋಲಿಕ್ ಆ್ಯಸಿಡ್ ಮಾತ್ರೆ ಬರೆದುಕೊಟ್ಟಿದ್ದಾರೆಯೇ, ಅದನ್ನು ಸರಿಯಾದ ದಿನ ತೆಗೆದುಕೊಳ್ಳುತ್ತಿದ್ದೀರಾ ನೋಡಿ. ಅದು ವಿಟಮಿನ್ ತಾನೇ ಎಂದು ಬಿಟ್ಟವರಿಗೇ ಬಾಯಿಹುಣ್ಣು, ವಾಕರಿಕೆ ಹೆಚ್ಚು. ಒಂದೇ ದಿನದ ಮಾತ್ರೆಯನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಪಾಲು ಮಾಡುವುದುಂಟು, ಚುಚ್ಚುಮದ್ದಿನ ರೂಪದಲ್ಲಿ ಕೊಡುವುದೂ ಉಂಟು. ಅದನ್ನು ನಿರ್ಧರಿಸುವವರು ನಿಮ್ಮ ವೈದ್ಯರು. ಒಂದು ಎಚ್ಚರಿಕೆಯನ್ನು ಮಾತ್ರ ಮನೆಯ ಎಲ್ಲರಿಗೂ ಹೇಳಿಡಿ: ಇದು ವಾರಕ್ಕೆ ಒಂದೇ ದಿನದ ಔಷಧಿ. ತಪ್ಪಿ ದಿನಾ ನುಂಗಿದವರು ರಕ್ತಕಣಗಳು ಕುಸಿದು ಜೀವಾಪಾಯಕ್ಕೆ ಸಿಲುಕಿದ್ದಾರೆ. ಡಬ್ಬಿಯ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆಯಿರಿ. ವೈದ್ಯರು ಹೇಳಿದ ಅಂತರದಲ್ಲಿ ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ತಪ್ಪಿಸಬೇಡಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲೇ ತಿಳಿಸಿ. ಈ ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಲ್ಲಬಾರದು, ತಿಂಗಳುಗಳ ಮುಂಚೆಯೇ ಔಷಧಿ ಬದಲಾಯಿಸಬೇಕಾಗುತ್ತದೆ.

ಇನ್ನು ಆ ಪುಡಿ. ನಿಮ್ಮನ್ನು ಬೈಯುವ ಮನಸ್ಸು ನನಗಿಲ್ಲ. ವರ್ಷಗಟ್ಟಲೆ ನರಳಿದವರಿಗೆ ಎರಡು ದಿನದಲ್ಲಿ ಕೈ ಬಿಡುಗಡೆಯಾದರೆ ಯಾರು ತಾನೇ ನಂಬುವುದಿಲ್ಲ? ಆ ಪವಾಡಕ್ಕೊಂದು ಇತಿಹಾಸವಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಇದೇ ಕಾಯಿಲೆಯಿಂದ ಏಳಲಾಗದೆ ಮಲಗಿದ್ದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಎಂದು ಮುಂದೆ ಹೆಸರಾದ ವಸ್ತುವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. ಜಗತ್ತು ಬೆರಗಾಯಿತು, 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ದೀರ್ಘಕಾಲ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ದುಂಡಾಗುವ ಮುಖ, ಪೊಳ್ಳಾಗುವ ಮೂಳೆ, ಏರುವ ಸಕ್ಕರೆ, ನಿಲ್ಲಿಸಿದ ಕೂಡಲೇ ಮರಳುವ ನೋವು, ಎಲ್ಲವೂ ಬೇಗನೇ ಬೆಳಕಿಗೆ ಬಂದವು. ನಿಮ್ಮ ಪುಡಿಯನ್ನು ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ. ಆದರೆ ಎರಡು ದಿನದ ಮಾಯೆ, ಮೂರು ತಿಂಗಳ ದುಂಡುಮುಖ, ಬಿಟ್ಟಾಗಿನ ಕುಸಿತ ಇವು ಮೂರೂ ಒಟ್ಟಿಗೆ ಬಂದಾಗ ಅದರಲ್ಲಿ ಸ್ಟೀರಾಯ್ಡ್, ಅಂದರೆ ಕಾರ್ಟಿಸೋನ್ ಜಾತಿಯ ಔಷಧಿ ಬೆರೆಸಿತ್ತು ಎಂದೇ ನನ್ನ ಬಲವಾದ ಅನುಮಾನ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಮಾತ್ರೆಗಳಲ್ಲಿ ಇದು ಹೊಸದೇನಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ದೇಹ ತನ್ನದನ್ನು ತಯಾರಿಸುವುದನ್ನೇ ಮರೆಯುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಮನುಷ್ಯ ನೆಲ ಹಿಡಿಯುತ್ತಾನೆ. ನೀವು ಹಾಸಿಗೆ ಬಿಟ್ಟು ಏಳಲಾಗದೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಪುಡಿ ಸ್ವಲ್ಪ ಉಳಿದಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ, ಎಷ್ಟು ತಿಂಗಳು ತೆಗೆದುಕೊಂಡಿರಿ ಎಂದು ಹೇಳಿ. ಅವಮಾನವಾಗುತ್ತದೆ ಎಂದು ಅಡಗಿಸಿದರೆ ನಾಳೆ ಯಾವುದೋ ಶಸ್ತ್ರಚಿಕಿತ್ಸೆಯಲ್ಲಿ ಅದು ಅಪಾಯಕ್ಕೆ ತಿರುಗೀತು. ತಜ್ಞರ ಕೈಯಲ್ಲಿ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಈಗಲೂ ಒಳ್ಳೆಯ ಊರುಗೋಲು. ಕಣ್ಣುಮುಚ್ಚಿ ನುಂಗುವುದು ಬೇರೆ ಮಾತು. ಮೆಡಿಕಲ್ ಅಂಗಡಿಯಿಂದ ನೇರವಾಗಿ ತಂದು ದಿನಾ ನುಂಗುವ ನೋವಿನ ಮಾತ್ರೆಗೂ ಇದೇ ಎಚ್ಚರಿಕೆ. ಹೊಟ್ಟೆ ಮತ್ತು ಮೂತ್ರಪಿಂಡ ಅದರ ಬೆಲೆ ತೆರುತ್ತವೆ.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೆ ಮದುವೆ ಮನೆಯಲ್ಲಿ ಕೇಳಿಸಿಕೊಳ್ಳಲಿದ್ದೀರಿ. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತೆ ಕಾಯಿಲೆಯವರಿಗೆ ಆಳಿಗೊಂದು ಪಥ್ಯ. ಆಲೂಗಡ್ಡೆ ವಾಯು, ಬದನೆ ನಂಜು, ಮೊಸರು ಶೀತ, ಟೊಮೆಟೊ ಹುಳಿ, ಬೇಳೆ ಬೇಡವೇ ಬೇಡ. ಒಮ್ಮೆ ನನ್ನ ರೋಗಿಯೊಬ್ಬರು ಬಂಧುಗಳು ಬಿಡಿಸಿದ್ದೆಲ್ಲವನ್ನೂ ಪಟ್ಟಿ ಮಾಡಿ ತಂದಿದ್ದರು. ಕೂಡಿಸಿ ನೋಡಿದರೆ ತಿನ್ನಲು ಉಳಿದದ್ದು ಬಿಸಿನೀರು. ನಿಮಗೆ ಒಂದು ಪದಾರ್ಥ ತಿಂದಾಗಲೆಲ್ಲ ನೋವು ಏರುವುದು ಅನುಭವಕ್ಕೆ ಬಂದಿದ್ದರೆ ಅದನ್ನು ಬಿಡಿ, ಅಡ್ಡಿಯಿಲ್ಲ. ಉಳಿದಂತೆ ಹಸಿವಿಗೆ ತಕ್ಕಷ್ಟು ಉಣ್ಣಿ. ರಕ್ತಹೀನತೆ ಈ ಕಾಯಿಲೆಯ ಬೆನ್ನಿಗೇ ಬರುತ್ತದೆ. ಪಥ್ಯದ ಹೆಸರಿನಲ್ಲಿ ಸೊರಗುವುದು ನಿಮಗೆ ಆಗದು.

ಈಗ ದಿನ ಕಳೆಯುವ ಬಗೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದರು ಹಿರಿಯರು. ನಿಮ್ಮ ಕಷ್ಟವೆಂದರೆ ನಿಮ್ಮ ಹಾಸಿಗೆಯ ಉದ್ದ ದಿನಕ್ಕೊಂದು. ಸೋಮವಾರ ಆರು ಮೊಳ, ಮಂಗಳವಾರ ಮೂರು. ಹೊರಗಿನವರಿಗೆ ಇದು ಅರ್ಥವಾಗುವುದೇ ಇಲ್ಲ. ನಿನ್ನೆ ಹಪ್ಪಳ ಒತ್ತಿದವಳು ಇವತ್ತು ಲೋಟ ಎತ್ತಲಾರೆ ಎಂದರೆ ಸೋಗು ಎನ್ನುತ್ತಾರೆ. ನಾನು ರೋಗಿಗಳಿಗೆ ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ದಿನ ಬಿಟ್ಟು ದಿನ ನಲ್ಲಿ ಬರುವ ಊರಿನ ಹೆಂಗಸರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಎಂಟು ಕೊಡ ನೀರು ಇದ್ದರೆ ಕುಡಿಯಲು ಎಷ್ಟು, ಅಡುಗೆಗೆ ಎಷ್ಟು, ಸ್ನಾನಕ್ಕೆ ಎಷ್ಟು ಎಂದು ಕಣ್ಣಳತೆಯಲ್ಲೇ ಹಂಚುತ್ತೀರಿ. ನಾಲ್ಕೇ ಕೊಡ ಬಂದ ದಿನ ಬಟ್ಟೆ ಒಗೆಯುವುದನ್ನು ಮುಂದೂಡುತ್ತೀರಿ, ಅದಕ್ಕೆ ಅಪರಾಧಿಯಂತೆ ಕೂರುವುದಿಲ್ಲ. ಮೈಯ ಶಕ್ತಿಗೂ ಅದೇ ಲೆಕ್ಕ. ಎದ್ದ ಅರ್ಧ ಗಂಟೆಯಲ್ಲಿ ಇವತ್ತು ಎಷ್ಟು ಕೊಡ ಬಂದಿದೆ ಎಂದು ನಿಮಗೇ ತಿಳಿಯುತ್ತದೆ. ಕಡಿಮೆ ಬಂದ ದಿನ ಶಾಲೆ ಮತ್ತು ಮಗಳ ಹೊರತು ಬೇರೇನೂ ಬೇಡ.

ಅದಕ್ಕಿಂತ ಕಷ್ಟದ್ದು ಹೆಚ್ಚು ಬಂದ ದಿನದ ಶಿಸ್ತು. ನೋವಿಲ್ಲದ ಭಾನುವಾರ ಸಿಕ್ಕಿತು ಎಂದರೆ ನೀವು ಏನು ಮಾಡುತ್ತೀರಿ ಎಂಬುದನ್ನು ಇಲ್ಲಿಂದಲೇ ಹೇಳಬಲ್ಲೆ. ಅಟ್ಟ ಇಳಿಸಿ, ಕಂಬಳಿ ಒಗೆದು, ಡಬ್ಬಿಗಳನ್ನೆಲ್ಲ ತೊಳೆದು, ದೋಸೆಗೆ ರುಬ್ಬಿ, ಸಂಜೆಗೆ ನೆಂಟರನ್ನೂ ಕರೆದಿರುತ್ತೀರಿ. ಮಂಗಳವಾರದವರೆಗೆ ಮಲಗುತ್ತೀರಿ. ತೊಟ್ಟಿ ತುಂಬಿದ ದಿನ ಎಲ್ಲವನ್ನೂ ಸುರಿದುಬಿಟ್ಟರೆ ಮರುದಿನ ನಲ್ಲಿ ಬರುತ್ತದೆ ಎಂಬ ಖಾತರಿ ಏನು? ಒಳ್ಳೆಯ ದಿನ ಮನಸ್ಸು ಹೇಳಿದ ಕೆಲಸದಲ್ಲಿ ಅರ್ಧ ಮಾಡಿ ನಿಲ್ಲಿಸಿ. ನಿಲ್ಲಿಸಲು ಮನಸ್ಸು ಬಾರದ ಹೊತ್ತೇ ನಿಲ್ಲಿಸಬೇಕಾದ ಹೊತ್ತು. ಹಾಗೆಂದು ಪೂರ್ತಿ ಮಲಗುವುದೂ ಬೇಡ. ಈ ಕೀಲುಗಳಿಗೆ ಆಡದಿದ್ದರೆ ಬಿಗಿಯುವ ಸ್ವಭಾವ. ತೀರಾ ಕೆಟ್ಟ ದಿನವೂ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳುಗಳನ್ನು ಹತ್ತು ಸಲ ಮೆಲ್ಲಗೆ ಮಡಚಿ ಬಿಡಿಸಿ. ಕೀಲು ಕೆಂಪಾಗಿ ಸುಡುತ್ತಿದ್ದರೆ ಮಾತ್ರ ಬಿಸಿಯ ಬದಲು ತಣ್ಣನೆಯ ಬಟ್ಟೆ.

ಅಡುಗೆಮನೆಯಲ್ಲಿ ನಿಮ್ಮ ಶತ್ರುಗಳು ಮೂರು: ಹಿಂಡುವುದು, ತಿರುಗಿಸುವುದು, ಬೆರಳ ತುದಿಯಲ್ಲಿ ಎತ್ತುವುದು. ಬಟ್ಟೆಯನ್ನು ಹಿಂಡದೆ ನಲ್ಲಿಗೆ ಸುತ್ತಿ ನೀರು ಇಳಿಯಲು ಬಿಡಿ. ಚೀಲವನ್ನು ಬೆರಳಿಗೆ ತೂಗುಹಾಕದೆ ಮೊಣಕೈಗೆ ಏರಿಸಿ. ಪಾತ್ರೆಯನ್ನು ಎರಡೂ ಅಂಗೈಗಳಿಂದ ಎತ್ತಿ. ಡಬ್ಬಿಗಳ ಮುಚ್ಚಳವನ್ನು ಬಿಗಿ ಮಾಡಬೇಡಿ, ಮಾಡುವವರಿಗೂ ಹೇಳಿ. ತುರಿಮಣೆ ಅಟ್ಟ ಸೇರಲಿ, ಕಾಯಿಚೂರು ಮಿಕ್ಸಿಗೆ ಹೋಗಲಿ. ಚಟ್ನಿಯ ರುಚಿ ತುಸು ಕಡಿಮೆಯಾದರೆ ಯಾರೂ ಸಾಯುವುದಿಲ್ಲ. ತಿರುಗಿಸುವ ನಲ್ಲಿಯ ಬದಲು ಉದ್ದ ಹಿಡಿಯ ನಲ್ಲಿ, ರವಿಕೆಯ ಹುಕ್ಕಿನ ಬದಲು ಒತ್ತುಗುಂಡಿ, ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಇವೆಲ್ಲ ನೂರಿನ್ನೂರು ರೂಪಾಯಿಯ ಕೆಲಸಗಳು. ಮುದ್ದೆ ತಿರುವುವುದು ಮಾತ್ರ ಮಣಿಕಟ್ಟಿಗೆ ಶುದ್ಧ ಹಿಂಸೆ. ಹಾಸನದ ಗಂಡಸರು ಮುದ್ದೆಯಿಲ್ಲದೆ ಏಳುವುದಿಲ್ಲ ಎಂದು ನನಗೆ ಗೊತ್ತು. ಮುರಿಯಲು ಬರುವ ಕೈಗೆ ಕೋಲು ಹಿಡಿಯಲೂ ಬರಬೇಕು.

ಹೀಗೆ ಸಾಧನ, ಸಹಾಯ ಎಂದ ಕೂಡಲೇ ಕೆಲವರಿಗೆ ಸೋತೆ ಎನಿಸುತ್ತದೆ. ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ನಿಗೆ ಸುಮಾರು ಐವತ್ತರ ವಯಸ್ಸಿನಲ್ಲಿ ಇದೇ ಕಾಯಿಲೆ ಹಿಡಿಯಿತು. 1919ರಲ್ಲಿ ಸಾಯುವವರೆಗೂ ಅವನು ಚಿತ್ರ ಬರೆದ. ಅವನ ಹಟವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಮಡಚಿಹೋದ ಅವನ ಬೆರಳುಗಳ ನಡುವೆ ಬೇರೆಯವರು ಕುಂಚ ಇಟ್ಟುಕೊಡುತ್ತಿದ್ದರು, ಅವನ ಕೈ ಮುಟ್ಟದಷ್ಟು ದೊಡ್ಡ ಕ್ಯಾನ್ವಾಸನ್ನು ಸರಿಸಲು ಉರುಳೆಗಳ ಏರ್ಪಾಡು ಮಾಡಿಕೊಂಡಿದ್ದ. ಕುಂಚ ಯಾರು ಕೈಗಿಟ್ಟರು ಎಂದು ಆ ಚಿತ್ರಗಳ ಮುಂದೆ ನಿಂತು ಯಾರೂ ಕೇಳುವುದಿಲ್ಲ. ಅವನ ಕಾಲಕ್ಕೆ ಔಷಧಿಯೂ ಇರಲಿಲ್ಲ. ನೀವು ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಈ ಕಾಯಿಲೆಗೆಂದು ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ಪಡೆದದ್ದೇ 1988ರಲ್ಲಿ.

ಅತ್ತೆಯವರ ಮಾತಿಗೆ ಬರೋಣ. ಅವರು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಅವರಿಗೆ ಗೊತ್ತಿರುವ ಕೀಲುನೋವು ಮಂಡಿ ಸವೆತದ್ದು. ಅದು ವಯಸ್ಸಾದ ಮೇಲೆ ಬರುತ್ತದೆ, ನಡೆದಾಡಿದರೆ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ನಿಮ್ಮದು ರಾತ್ರಿಯಿಡೀ ಮಲಗಿ ಎದ್ದಾಗಲೇ ಜಾಸ್ತಿ, ಕೈಕಾಲು ಆಡಿಸಿದಂತೆ ಸಡಿಲ. ಹಾಗಾಗಿ ಅವರ ಕಣ್ಣಿಗೆ ನೀವು ಬೆಳಗಿನ ಕೆಲಸದ ಹೊತ್ತಿಗೆ ನರಳಿ, ಹತ್ತು ಗಂಟೆಗೆ ಸೀರೆಯುಟ್ಟು ಶಾಲೆಗೆ ಹೊರಡುವವರಾಗಿ ಕಾಣುತ್ತೀರಿ! ಅವರಿಗೆ ವೈದ್ಯಕೀಯ ಹೆಸರು ಹೇಳಿ ಪ್ರಯೋಜನವಿಲ್ಲ. ‘ಅತ್ತೆ, ವಯಸ್ಸಾದವರ ಮಂಡಿನೋವು ಬಾಗಿಲ ಕೀಲು ಸವೆದಂತೆ. ನನ್ನದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ರೋಗದಿಂದ ಕಾಯಬೇಕಾದ ರಕ್ತವೇ ನನ್ನ ಕೀಲುಗಳ ಮೇಲೆ ಬಿದ್ದಿದೆ’ ಎಂದು ಹೇಳಿ ನೋಡಿ. ಒಂದು ಬೆಳಿಗ್ಗೆ ಆರು ಗಂಟೆಗೆ ಅವರ ಕೈಯನ್ನು ನಿಮ್ಮ ಗೆಣ್ಣಿನ ಮೇಲೆ ಇಡಿಸಿಕೊಳ್ಳಿ. ಆ ಬಿಸಿಯನ್ನು ಮುಟ್ಟಿದ ಮೇಲೂ ಕೊಂಕು ಆಡುವವರು ಕಡಿಮೆ. ಇದ್ದರೆ, ಅವರನ್ನು ಒಪ್ಪಿಸುವ ಕೆಲಸಕ್ಕೆ ನಿಮ್ಮ ಕೊಡದ ನೀರು ಖರ್ಚು ಮಾಡಬೇಡಿ.

ಯಜಮಾನರ ಮೌನ ಬೇರೆ ಬಗೆಯದು. ತಾನು ರಿಪೇರಿ ಮಾಡಲಾಗದ ವಸ್ತುವಿನ ಮುಂದೆ ಅನೇಕ ಗಂಡಸರು ಮೂಕರಾಗುತ್ತಾರೆ. ಅದನ್ನು ನೀವು ಅಸಡ್ಡೆ ಎಂದು ಓದಿಕೊಳ್ಳುತ್ತೀರಿ, ನಿಮ್ಮ ಮುಖ ನೋಡಿ ಅವರು ಇನ್ನಷ್ಟು ಸುಮ್ಮನಾಗುತ್ತಾರೆ. ಮುಂದಿನ ಭೇಟಿಗೆ ಅವರನ್ನು ಕರೆದುಕೊಂಡು ಹೋಗಿ, ಹೊರಗೆ ಬೈಕಿನ ಹತ್ತಿರ ನಿಲ್ಲಿಸಬೇಡಿ, ವೈದ್ಯರ ಮುಂದಿನ ಕುರ್ಚಿಯಲ್ಲಿ ಕೂರಿಸಿ. ‘ಸ್ವಲ್ಪ ಸಹಾಯ ಮಾಡಿ’ ಎಂಬ ಮಾತು ಗಾಳಿಗೆ ಹೋಗುತ್ತದೆ. ಮಾತ್ರೆ ತೀರುವ ಒಂದು ವಾರ ಮೊದಲೇ ತರುವುದು ಮತ್ತು ರಕ್ತಪರೀಕ್ಷೆಯ ದಿನಾಂಕ ನೆನಪಿಡುವುದು ಅವರ ಕೆಲಸ, ಬೆಳಗಿನ ಕಾಫಿ ಮತ್ತು ಹಾಲು ಕಾಯಿಸುವುದು ಅವರ ಕೆಲಸ ಎಂದು ಗೆರೆ ಎಳೆದು ಕೊಟ್ಟರೆ ಹಿಡಿದುಕೊಳ್ಳಲು ಅವರಿಗೂ ಒಂದು ತುದಿ ಸಿಗುತ್ತದೆ. ಮಗಳಿಗೂ ಆ ನೀರಿನ ಕೊಡಗಳ ಲೆಕ್ಕ ಹೇಳಿಕೊಡಿ. ‘ಅಮ್ಮ, ಇವತ್ತು ಎಷ್ಟು?’ ಎಂದು ಅವಳು ಕೇಳಿ, ನೀವು ‘ಮೂರು’ ಎಂದರೆ ಅಷ್ಟು ಸಾಕು. ಮಕ್ಕಳನ್ನು ಹೆದರಿಸುವುದು ಬಚ್ಚಲ ಬಾಗಿಲ ಹಿಂದಿನ ಸದ್ದು. ನಲ್ಲಿಯ ನೀರು ಎಲ್ಲವನ್ನೂ ಮುಚ್ಚುತ್ತದೆ ಎಂದು ನೀವು ಅಂದುಕೊಂಡಿದ್ದೀರಿ. ಹನ್ನೊಂದು ವರ್ಷದವಳಿಗೆ ಕೇಳಿಸಿರುತ್ತದೆ.

ಅವಳಿಗೂ ಬರುತ್ತದೆಯೇ ಎಂದು ಕೇಳಿದ್ದೀರಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಸಾಧ್ಯತೆ ಉಳಿದವರಿಗಿಂತ ಕೊಂಚ ಹೆಚ್ಚು, ಅಷ್ಟೇ. ಈ ಕಾಯಿಲೆಯಿರುವ ತಾಯಂದಿರ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ. ಈಗ ಅವಳಿಗೆ ಯಾವ ಪರೀಕ್ಷೆಯೂ ಬೇಡ. ಮುಂದೆಂದಾದರೂ ವಾರಗಟ್ಟಲೆ ಕೀಲು ಊದಿದರೆ ತಡಮಾಡದೆ ತೋರಿಸುವುದು ನಿಮಗೆ ಗೊತ್ತಿರುತ್ತದೆ. ನಿಮ್ಮ ತಾಯಿಗೆ ಗೊತ್ತಿರಲಿಲ್ಲ.

ಶಾಲೆಯಲ್ಲಿ ಎಲ್ಲರಿಗೂ ಸಾರಬೇಕಾಗಿಲ್ಲ. ಮುಖ್ಯೋಪಾಧ್ಯಾಯರಿಗೆ ಮಾತ್ರ, ವೈದ್ಯರ ಒಂದು ಪತ್ರದೊಂದಿಗೆ ಹೇಳಿ. ಕನಿಕರ ಕೇಳಬೇಡಿ, ನಿರ್ದಿಷ್ಟವಾಗಿ ಎರಡು ಮೂರು ಅನುಕೂಲ ಕೇಳಿ: ಮೊದಲ ಪೀರಿಯಡ್ ಬೇಡ, ನೆಲಮಹಡಿಯ ತರಗತಿ ಬೇಕು, ಕಪ್ಪುಹಲಗೆಯ ಬರವಣಿಗೆಯನ್ನು ಮಕ್ಕಳಿಂದ ಮಾಡಿಸುತ್ತೇನೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕಾಲ ಬೆರಳುಗಳಿಗೆ ಅತಿ ಕೆಟ್ಟ ಕಾಲ. ಆ ದಿನಗಳಿಗೆ ಮನೆಯ ಕೆಲಸಕ್ಕೆ ಜನ ಗೊತ್ತು ಮಾಡಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ನಿಮ್ಮ ಕಾಯಿಲೆಯ ಹೆಸರಿಲ್ಲ. ಆದರೆ ಕೀಲುಗಳ ಚಲನೆ ಶಾಶ್ವತವಾಗಿ ಕುಂದಿದರೆ ಚಲನವೈಕಲ್ಯದ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು, 40 ಶೇಕಡಾ ಮತ್ತು ಮೇಲ್ಪಟ್ಟರೆ ಮೀಸಲು ಸೌಲಭ್ಯಗಳು ಸಿಗುತ್ತವೆ. ಆ ಹಂತ ಮುಟ್ಟದಂತೆ ನೋಡಿಕೊಳ್ಳುವುದೇ ಈಗಿನ ಚಿಕಿತ್ಸೆಯ ಉದ್ದೇಶ.

ಹಣದ ವಿಚಾರ ಚುಟುಕಾಗಿ ಹೇಳುತ್ತೇನೆ. ಸರ್ಕಾರಿ ಆರೋಗ್ಯ ಯೋಜನೆಗಳು ಬಹುಪಾಲು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ತಿಂಗಳ ಮಾತ್ರೆಗೆ ಅಷ್ಟಾಗಿ ಒದಗುವುದಿಲ್ಲ. ಬರೆದುಕೊಟ್ಟ ಔಷಧಿಯ ಮೂಲ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತೀರಿ. ಹೊಸದಾಗಿ ಆರೋಗ್ಯ ವಿಮೆ ಮಾಡಿಸುವುದಾದರೆ ಕಾಯಿಲೆಯನ್ನು ಮುಚ್ಚಿಡಬೇಡಿ. 2024ರ ನಿಯಮದಂತೆ ಮೊದಲೇ ಇರುವ ಕಾಯಿಲೆಗೆ ವಿಮೆಯ ಹಣ ಸಿಗಲು ಕಾಯಬೇಕಾದ ಅವಧಿ ಮೂರು ವರ್ಷ ಮೀರುವಂತಿಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ಇಡೀ ಕ್ಲೇಮು ಬಿದ್ದುಹೋಗಬಹುದು.

ಮತ್ತೆ ನಲ್ಲಿಯ ಬಳಿಗೆ. ಅಳುವುದರಲ್ಲಿ ತಪ್ಪೇನಿಲ್ಲ. ನೀವು ಕಳೆದುಕೊಂಡದ್ದು ಸಣ್ಣದಲ್ಲ, ಯೋಚಿಸದೆ ಕೆಲಸಕ್ಕೆ ಬರುತ್ತಿದ್ದ ಒಂದು ಜೊತೆ ಕೈ. ಸತ್ತವರಿಗಾದರೆ ಹನ್ನೊಂದು ದಿನ, ವರ್ಷಾಬ್ದಿಕ ಎಂದು ಊರೆಲ್ಲ ಬಂದು ಕೂರುತ್ತದೆ. ಈ ನಷ್ಟಕ್ಕೆ ಯಾವ ಶಾಸ್ತ್ರವೂ ಇಲ್ಲ, ಪ್ರತಿ ಬೆಳಿಗ್ಗೆ ಹೊಸದಾಗಿ ಆಗುತ್ತದೆ ಬೇರೆ. ದುಃಖ ಬರುತ್ತದೆ, ಇಳಿಯುತ್ತದೆ, ನಡುವೆ ಮಗಳ ಮಾತಿಗೆ ನಗುವೂ ಬರುತ್ತದೆ ಎಂದಾದರೆ ಅದು ಸಹಜ. ಆದರೆ ಎರಡು ವಾರ ದಾಟಿಯೂ ಬಹುಪಾಲು ದಿನ ಮಂಕು ಕವಿದಿದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ನೋವಿಲ್ಲದ ರಾತ್ರಿಯೂ ನಿದ್ದೆ ಬಾರದಿದ್ದರೆ ಅದು ಖಿನ್ನತೆ ಇರಬಹುದು. ಈ ಕಾಯಿಲೆಯವರಲ್ಲಿ ಅದು ಸಾಮಾನ್ಯ, ಉರಿಯೂತಕ್ಕೂ ಮನಸ್ಸಿನ ಮಂಕಿಗೂ ನಂಟಿದೆ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಕೀಲಿನ ಮಾತ್ರೆಯಲ್ಲಿ ಅದು ಹೋಗುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಯಾರಿಗಾದರೂ ಹೇಳಿ. ಯಜಮಾನರಿಗೆ ಹೇಳುವುದು ಕಷ್ಟವಾದರೆ ಮೊದಲು ಆ ಸಂಖ್ಯೆಗೆ.

ಮೊದಲಿನಂತೆ ಆಗುತ್ತೇನೆಯೇ ಎಂದಿರಿ. ಈ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇವತ್ತಿಗೆ ಇಲ್ಲ. ಇದೆ ಎನ್ನುವವರಿಂದ ದೂರವಿರಿ. ಆದರೆ ಅದನ್ನು ಮಲಗಿಸಿಡುವ ಔಷಧಿಗಳಿವೆ. ಸರಿಯಾದ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಊತವಿಲ್ಲದೆ ಇರುವವರು ನನ್ನ ಬಳಿಯೇ ಅನೇಕರಿದ್ದಾರೆ. ಈಗಾಗಲೇ ಸವೆದ ಮೂಳೆ ಮರಳುವುದಿಲ್ಲ, ಇನ್ನು ಮುಂದಿನದನ್ನು ಉಳಿಸಿಕೊಳ್ಳಬಹುದು. 34ನೇ ವಯಸ್ಸಿನ ಆ ಕೈಗಳು ಹಾಗೆಯೇ ಸಿಗುತ್ತವೆ ಎಂದು ನಾನು ಹೇಳಲಾರೆ. ಕಾಯಿಲೆ ಬರದಿದ್ದರೂ ಸಿಗುತ್ತಿರಲಿಲ್ಲ ಎಂದು ಹೇಳಿದರೆ ನಿಮಗೆ ಸಿಟ್ಟು ಬರಬಹುದು, ಬರಲಿ.

ಕೊನೆಗೆ ಮದುವೆ. ಆ ವಾರದ ಮಾತ್ರೆ ತಪ್ಪಿಸಬೇಡಿ, ಗಡಿಬಿಡಿಯಲ್ಲಿ ಎರಡು ಸಲವೂ ನುಂಗಬೇಡಿ. ಮುಹೂರ್ತ ಬೆಳಿಗ್ಗೆಯೇ ಇದ್ದರೆ ಎರಡು ಗಂಟೆ ಮೊದಲು ಎದ್ದು ಬಿಸಿನೀರು ಹಾಕಿಕೊಳ್ಳಿ. ಅಕ್ಕನಾಗಿ ನೀವು ಮಾಡಲೇಬೇಕಾದ ಶಾಸ್ತ್ರ ಒಂದೆರಡನ್ನು ಆರಿಸಿಕೊಂಡು ಉಳಿದದ್ದಕ್ಕೆ ಕುರ್ಚಿ ಹಾಕಿಸಿಕೊಂಡು ಕೂರಿ, ಮದುವೆಯ ಮರುದಿನ ರಜೆ ಈಗಲೇ ಬರೆದಿಡಿ. ಬಳೆ ಇಡಿಸಿಕೊಳ್ಳುವುದನ್ನು ಬೆಳಿಗ್ಗೆ ಬೇಡ, ಊತ ಇಳಿದಿರುವ ಮಧ್ಯಾಹ್ನದ ಮೇಲಕ್ಕೆ ಇಟ್ಟುಕೊಳ್ಳಿ. ಬಳೆಗಾರರು ಗೆಣ್ಣುಗಳನ್ನು ಒತ್ತಿ ಹಿಡಿದೇ ಬಳೆ ಏರಿಸುವುದು, ಅದನ್ನು ಮೊದಲೇ ಬೇಡವೆನ್ನಿ. ಬಳೆಯ ಅಳತೆಯೆಂದರೆ ಎರಡು ಅಂಗುಲದ ಮೇಲೆ ಅಂಗುಲದ ಹದಿನಾರರಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ಮೊದಲು ನಿಮ್ಮದು ಎರಡು ನಾಲ್ಕು ಆಗಿತ್ತು ಎಂದರೆ ಈಗ ಎರಡು ಎಂಟು ಕೇಳಿ, ಬೇಕಾದರೆ ಎರಡು ಹತ್ತು. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲೆ ಜಾರಿಸಿದರೆ ಒತ್ತುವ ಪ್ರಮೇಯವೇ ಬರುವುದಿಲ್ಲ. ಚಿನ್ನದ್ದಾದರೆ ತಿರುಪು ಇರುವ, ಬಿಚ್ಚಿ ಹಾಕುವ ಬಳೆಗಳು ಸಿಗುತ್ತವೆ. ಉಂಗುರವನ್ನು ಮಾತ್ರ ಈಗಲೇ ತೆಗೆಸಿ ಸರಕ್ಕೆ ಪೋಣಿಸಿಕೊಳ್ಳಿ. ಊದಿದ ಬೆರಳಿನಿಂದ ಕತ್ತರಿಸಿ ತೆಗೆಯಬೇಕಾಗಿ ಬಂದವರನ್ನು ನಾನು ನೋಡಿದ್ದೇನೆ.